ಎಡಗೈ ರೊಟ್ಟಿ

ಫೆಬ್ರವರಿ ೩, ಸೋಮವಾರ

ಈ ಪುಸ್ತಕಕ್ಕೂ ಕೊನೆಯ ಪುಟಗಳಿಲ್ಲ. ಅಮೀರಸಾಬನ ರದ್ದಿ ಅಂಗಡಿಯಿಂದ ತರುವ ಪತ್ತೇದಾರಿ ಕಾದಂಬರಿಗಳ ಹಣೆಬರಹವೇ ಇಷ್ಟು. ಹೆಣ ಸಿಗುತ್ತದೆ, ಇನ್ಸ್‌ಪೆಕ್ಟರ್ ಬರುತ್ತಾನೆ, ಮನೆಯವರ ಮೇಲೆಲ್ಲ ಅನುಮಾನ... ಕೊಂದವರು ಯಾರು ಅನ್ನುವ ಹೊತ್ತಿಗೆ ಪುಟ ಮಾಯ. ಯಾವ ಪುಣ್ಯಾತ್ಮ ಅದರಲ್ಲಿ ಚುರುಮುರಿ ಕಟ್ಟಿಕೊಟ್ಟನೋ.

ನಮ್ಮ ರೊಟ್ಟಿ ಕೇಂದ್ರದಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ರೊಟ್ಟಿ ಬಡಿಯುವ ಸಪ್ಪಳವೇ ನಿಂತಿತ್ತು. ಪುಟ ಇಲ್ಲ ಅಂದರೆ ನನ್ನನ್ನೇ ಹಂಚಿನ ಮೇಲೆ ಹಾಕುತ್ತಿದ್ದರು. ಇಲ್ಲದ ಪುಟ ತಿರುವಿದ ಹಾಗೆ ಮಾಡಿ ನಾನೇ ಹೊಸೆದೆ. ಕೊಂದವಳು ಅತ್ತೆ. ವಿಷ ಹಾಕಿದ್ದು ಉಪ್ಪಿನಕಾಯಿಯಲ್ಲಿ. ಗುರುಬಸವ್ವನ ರೊಟ್ಟಿ ಹೊತ್ತಿ ಕರಕಲಾಯಿತು, ಆ ಮುದುಕಿಗೆ ಅದರ ಖಬರೇ ಇಲ್ಲ. ಇಷ್ಟು ಚೆಂದದ ಕೊನೆ ಇದುವರೆಗೆ ಬಂದಿರಲಿಲ್ಲ ಅಂದಳು ರಾಹಿಲ.

ಮಣಿಕಟ್ಟು ಕೆಟ್ಟ ಮೇಲೆ ನನ್ನಿಂದ ರೊಟ್ಟಿ ಬಡಿಯಲು ಆಗುವುದಿಲ್ಲ. ನನ್ನ ಪಾಲಿನದನ್ನು ಉಳಿದವರು ಹಂಚಿಕೊಂಡು ಬಡಿಯುವುದು, ಅದಕ್ಕೆ ಬದಲು ನಾನು ಓದುವುದು — ಗುರುಬಸವ್ವ ಹಾಕಿದ ಕಟ್ಟಳೆ. ಮೊದಲು ಪುರಾಣ ಓದಿದೆ. ತೂಕಡಿಸಿದರು. ಆಮೇಲೆ ಕೊಲೆ ಓದಿದೆ. ಅವತ್ತಿನಿಂದ ಒಬ್ಬಳೂ ರಜೆ ಹಾಕಿಲ್ಲ. ಜ್ವರ ಬಂದವಳೂ ಕಂಬಳಿ ಹೊದ್ದು ಬಂದು ಕೂರುತ್ತಾಳೆ.

ನಾನೇ ಹೊಸೆಯುವುದಾದರೆ ಪುಸ್ತಕವಾದರೂ ಯಾಕೆ ಬೇಕು?

ಫೆಬ್ರವರಿ ೬, ಗುರುವಾರ

ನನ್ನದೇ ಕಥೆ ಶುರು ಮಾಡಿದೆ. ವಾಡೆಯ ಸೊಸೆಯೊಬ್ಬಳು ಇದ್ದಕ್ಕಿದ್ದಂತೆ ಕಾಣೆ. ಸತ್ತಳೋ, ಓಡಿಹೋದಳೋ? ಇನ್ಸ್‌ಪೆಕ್ಟರ್ ಊರೂರು ಅಲೆಯುತ್ತಾನೆ. ಸುಳಿವು ಬೇಕಲ್ಲ... ರುಮಾಲು, ಉಂಗುರ ಎಲ್ಲ ಹಳಸಲು. ಇವರು ಕೇಳಿ ಕೇಳಿ ಜಾಣರಾಗಿದ್ದಾರೆ, ಉಂಗುರ ಅಂದರೆ ನಗುತ್ತಾರೆ.

ಯೋಚನೆ ಮಾಡುತ್ತ ನೀಲಕ್ಕನನ್ನೇ ನೋಡುತ್ತ ಕೂತಿದ್ದೆ. ದೀಪಾವಳಿ ಆದಮೇಲೆ ಬಂದು ಸೇರಿದವಳು. ಗೋಕಾಕದ ಕಡೆಯವಳಂತೆ, ಗಂಡ ಗೋವಾದಲ್ಲಿ ತೀರಿಕೊಂಡನಂತೆ. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಸಂತೆಗೆ ಬರುವುದಿಲ್ಲ. ಬಾಗಿಲ ಮುಂದೆ ಬೈಕು ನಿಂತರೆ ಸೆರಗು ಮುಖಕ್ಕೆ ಬರುತ್ತದೆ. ಗುಟ್ಟೊಂದು ಇದೆ, ಇದ್ದೇ ಇದೆ. ಎರಡು ಸಲ ಕೆದಕಿದೆ, ಬಾಯಿ ಬಿಡಲಿಲ್ಲ. ಇನ್ನೊಬ್ಬರ ಗುಟ್ಟು ಅಂದರೆ ನನಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಅವಳು ರೊಟ್ಟಿ ಬಡಿಯುವುದು ಎಡಗೈಯಲ್ಲಿ. ಬಂದ ಹೊಸದರಲ್ಲಿ ಗುರುಬಸವ್ವ ರಂಪ ಮಾಡಿದ್ದಳು, ಎಡಗೈ ರೊಟ್ಟಿ ಯಾರು ತಿಂತಾರ ಅಂತ. ಬಲಗೈ ಬೆರಳು ಚಾಚಲು ಬರುವುದಿಲ್ಲ ಅಂತ ತೋರಿಸಿದ ಮೇಲೆ ಸುಮ್ಮನಾದಳು. ಆ ಬಲಗೈಯ ಎರಡು ಮಡಚಿದ ಬೆರಳು ರೊಟ್ಟಿಯ ಅಂಚಿಗೆ ಆನಿಕೆ. ಹಾಗಾಗಿ ಅವಳ ಪ್ರತಿ ರೊಟ್ಟಿಯ ಅಂಚಿನಲ್ಲೂ ಎರಡು ತಗ್ಗು. ಬೆಂದು ಖಡಕ್ ಆದರೂ ಹೋಗುವುದಿಲ್ಲ.

ಸಿಕ್ಕಿತು ಸುಳಿವು!

ಫೆಬ್ರವರಿ ೮, ಶನಿವಾರ

ಎಂಥ ಜಯ! ಇನ್ಸ್‌ಪೆಕ್ಟರ್ ಖಾನಾವಳಿಯಲ್ಲಿ ಊಟಕ್ಕೆ ಕೂರುತ್ತಾನೆ, ರೊಟ್ಟಿ ಮುರಿಯಲು ಹೋಗಿ ಕೈ ತಡೆಯುತ್ತಾನೆ... ಅಂಚಿನಲ್ಲಿ ಎರಡು ತಗ್ಗು. ಎಡಗೈಯವಳು. ಅವಳು ಬದುಕಿದ್ದಾಳೆ, ಇದೇ ಊರಲ್ಲಿದ್ದಾಳೆ! ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ. ಹೋ ಅಂದರು. ಮುಂದೇನು ಹೇಳು, ಹೇಳದಿದ್ದರೆ ಮನೆಗೆ ಬಿಡುವುದಿಲ್ಲ ಅಂದರು. ಕೇಂದ್ರ ನಡೆಸುವ ಮದೀನಾಬಿ ಪ್ಯಾಕೆಟ್ ಕಟ್ಟುವುದು ಬಿಟ್ಟು ಬಂದು ನನ್ನ ಕೈ ಹಿಡಿದು ಕೂತಳು.

ರಾಹಿಲ ಮೊದಲ ದಿನದಿಂದಲೇ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಳಂತೆ. ಮುಂಡಗೋಡದಲ್ಲಿರುವ ಅವಳ ಅಕ್ಕ ರುಕ್ಸಾರಳಿಗೆ ಕಳಿಸಲು. ಅವಳು ಇನ್ಯಾರಿಗೋ ಕಳಿಸಿದಳು, ಅವರು ಮತ್ಯಾರಿಗೋ. ಟಿಬೆಟನ್ ಕಾಲೊನಿಯ ಅಂಗಡಿಗಳಲ್ಲೂ ಕೇಳುತ್ತಾರಂತೆ. ಶಾಣ್ಯಾ ಹುಡುಗಿ, ಮೊದಲಿಗೆ ಕೇಂದ್ರದ ಹೆಸರು, ಅಂಬೇವಾಡಿ, ದಾಂಡೇಲಿ, ರೊಟ್ಟಿ ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಅಂತ ಮದೀನಾಬಿಯ ನಂಬರನ್ನೂ ಹೇಳಿ ಸೇರಿಸಿದ್ದಾಳೆ. ಹಳಿಯಾಳದಿಂದ ಹೊಸ ಆರ್ಡರ್ ಬಂತು.

ಎಲ್ಲರೂ ಹಿಗ್ಗಿದರು. ನೀಲಕ್ಕ ಮಾತ್ರ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ತಲೆನೋವು ಅಂದಳು.

ಫೆಬ್ರವರಿ ೧೧, ಮಂಗಳವಾರ

ನೀಲಕ್ಕ ಮನೆಗೇ ಬಂದಿದ್ದಳು. ನಮ್ಮ ಯಜಮಾನರು ಮಿಲ್ಲಿನ ಪಾಳಿಗೆ ಹೋದದ್ದನ್ನು ನೋಡಿಕೊಂಡೇ ಬಂದಿರಬೇಕು. ಚಹಾ ಬೇಡ ಅಂದಳು. ಕೂರಲೂ ಇಲ್ಲ.

"ಆಂವಾ ಸತ್ತಿಲ್ಲರಿ ಅಕ್ಕಾರ. ನನ್ನ ಹುಡಿಕ್ಕೋಂತ ತಿರಗಾಕತ್ತಾನ."

ಬಲಗೈ ನನ್ನ ಮುಂದೆ ಹಿಡಿದಳು. ಅಂಗೈ ಅನ್ನುವುದೇ ಇಲ್ಲ, ಬರೀ ಸುಟ್ಟು ಸುಕ್ಕಾದ ಚರ್ಮ. ಇಷ್ಟು ದಿನ ಹಿಟ್ಟಿನ ಕೆಳಗೆ ಕಂಡಿರಲಿಲ್ಲ.

"ರೊಟ್ಟಿ ಸೀದೈತಿ ಅಂತ ಹಂಚಿನ ಮ್ಯಾಲೆ ಒತ್ತಿ ಹಿಡದಿದ್ದ. ಎರಡ ವರ್ಷ ಆದಮ್ಯಾಲೆ ಮತ್ತ ರೊಟ್ಟಿ ಸೀದಾಗ, ಈ ಸಲ ಕೈ ಅಲ್ಲ, ಮಾರಿ ಅಂದ. ಅವತ್ತ ಬಿಟ್ಟು ಬಂದೇನ್ರಿ."

ಅದಕ್ಕೂ ಮೊದಲು ಒಂದು ಸಲ ತವರಿಗೆ ಹೋಗಿದ್ದಳಂತೆ. ಹಿರಿಯರು ಕೂತು ಬುದ್ಧಿ ಹೇಳಿ, ಕುಂಕುಮ ಹಚ್ಚಿ ಅವನ ಹಿಂದೆಯೇ ಕಳಿಸಿದರಂತೆ. ಹಾಗಾಗಿ ಈ ಸಲ ಯಾರಿಗೂ ಹೇಳದೆ ಬಂದಿದ್ದಾಳೆ. ಗಂಡನ ಹೆಸರು ಈಶಪ್ಪ. ಆ ಕೈಯನ್ನು ಹಾಗೆ ಮಾಡಿದವನೇ ಅವನು, ಆ ಎರಡು ತಗ್ಗಿನ ರೊಟ್ಟಿ ಎರಡು ವರ್ಷ ತಿಂದವನೂ ಅವನೇ. ಕಥೆಯಿಂದ ಆ ಮಾತು ತೆಗೆಯಿರಿ ಅಂತ ಕೈ ಮುಗಿದಳು.

ತೆಗೆಯುತ್ತೇನೆ ಅಂದೆ. ಎಲ್ಲಿಂದ ತೆಗೆಯಲಿ? ಸಂಜೆ ರಾಹಿಲಳ ಮನೆಗೆ ಓಡಿದೆ. ಅಳಿಸು ಅಂದೆ. ತನ್ನ ಫೋನಿನದು ಅಳಿಸಿದಳು, ಅಕ್ಕನಿಗೂ ಹೇಳಿದಳು. ಊರವರ ಫೋನಿನಲ್ಲಿರುವುದನ್ನು ಅಳಿಸುವವರು ಯಾರು? ಆಡಿದ ಮಾತು, ಒಡೆದ ಮುತ್ತು.

ನನ್ನ ಬಾಯಿಗೆ ಬೆಂಕಿ ಬೀಳಲಿ.

ಫೆಬ್ರವರಿ ೨೪, ಸೋಮವಾರ

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ. ಗಂಟಲು ಕೆಟ್ಟಿದೆ ಅಂತ ಸುಳ್ಳು ಹೇಳಿ ಕಥೆಯನ್ನೂ ನಿಲ್ಲಿಸಿದ್ದೇನೆ. ಹೆಂಗಸರಿಗೆ ಸಿಟ್ಟು. ಇನ್ಸ್‌ಪೆಕ್ಟರನನ್ನು ಊಟದ ಎಲೆಯ ಮುಂದೆ ಕೂರಿಸಿ ಎಷ್ಟು ದಿನ ಆಯಿತು, ಅವನ ರೊಟ್ಟಿ ಬೂಸಲು ಹಿಡಿದಿರಬೇಕು ಅಂತಾರೆ. ನಗಲು ಆಗಲಿಲ್ಲ. ಮದೀನಾಬಿಗೆ ಮಾತ್ರ ನಿಜ ಹೇಳಿದ್ದೇನೆ, ನೀಲಕ್ಕನ ಒಪ್ಪಿಗೆ ಕೇಳಿ.

ಇನ್ನೊಂದು ನಿಜ ಇಲ್ಲಿ ಬರೆಯುತ್ತೇನೆ, ಬೇರೆಲ್ಲೂ ಹೇಳಲಾರೆ. ನೀಲಕ್ಕ ಅವತ್ತು ಕೈ ತೋರಿಸಿದಾಗ ಹೆದರಿಕೆ ಆಯಿತು, ಕರುಳೂ ಚುರ್ ಅಂತು. ಅದರ ಜೊತೆಗೇ ಒಳಗೆ ಯಾವುದೋ ಒಂದು, ಆಹಾ, ಎಂಥ ತಿರುವು ಅಂತು. ಛೀ. ಬೇರೆಯವರ ಮನೆಯ ಕತ್ತಲೆ ನಮಗೆ ಅಷ್ಟು ರುಚಿ. ಪುಸ್ತಕದಲ್ಲಿ ಹೆಣ ಬಿದ್ದರೆ ಖುಷಿ, ಯಾಕೆಂದರೆ ಪುಸ್ತಕ ಮುಚ್ಚಿ ಮನೆಗೆ ಹೋಗಿ ಉಣ್ಣಬಹುದು. ಇದನ್ನು ಮುಚ್ಚುವುದು ಹೇಗೆ?

ಫೆಬ್ರವರಿ ೨೬, ಬುಧವಾರ

ಮದೀನಾಬಿಗೆ ಫೋನ್ ಬಂದಿದೆ. ಗಂಡಸು. ಭಾರೀ ಮರ್ಯಾದೆಯ ಮಾತು. ಮನೆಯಲ್ಲಿ ಕಾರ್ಯವಿದೆ, ರೊಟ್ಟಿ ಬೇಕು, ಆದರೆ ಕಥೆಯಲ್ಲಿ ಬರುತ್ತದಲ್ಲ, ಅಂಚಿಗೆ ಎರಡು ತಗ್ಗು, ಆ ಹೆಣ್ಣುಮಗಳೇ ಬಡಿದದ್ದು ಬೇಕು ಅಂದನಂತೆ. ಅದು ಬರೀ ಕಥೆ, ಅಂಥವರು ಯಾರೂ ಇಲ್ಲ ಅಂದಳು ಮದೀನಾಬಿ. ನಕ್ಕನಂತೆ. ಇಟ್ಟುಬಿಟ್ಟನಂತೆ.

ನೀಲಕ್ಕ ಇವತ್ತಿನಿಂದ ರೊಟ್ಟಿ ಬಡಿಯುವುದಿಲ್ಲ. ಹಿಟ್ಟು ಸಾಣಿಸುತ್ತಾಳೆ ಅಷ್ಟೇ. ಆದರೆ ಹೋದವಾರದ ಪ್ಯಾಕೆಟ್‌ಗಳು ಆಗಲೇ ಅಂಗಡಿ ಸೇರಿವೆ.

ಫೆಬ್ರವರಿ ೨೮, ಶುಕ್ರವಾರ

ಹಳಿಯಾಳದ ಅಂಗಡಿಯವನು ಮದೀನಾಬಿಗೆ ಹೇಳಿದ್ದು. ನಿನ್ನೆ ಒಬ್ಬ ಬಂದು ನಮ್ಮ ಪ್ಯಾಕೆಟ್ ಎಲ್ಲ ಕೊಂಡನಂತೆ. ಅಂಗಡಿಯ ಮೆಟ್ಟಿಲ ಮೇಲೇ ಕೂತು ಒಂದೊಂದಾಗಿ ಒಡೆದು, ಒಂದೊಂದು ರೊಟ್ಟಿಯ ಅಂಚನ್ನೂ ಬೆರಳಿನಿಂದ ಸುತ್ತಲೂ ಸವರಿ ನೋಡಿದನಂತೆ. ಒಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಉಳಿದದ್ದು ಅಲ್ಲೇ ಬಿಟ್ಟು ಹೋದನಂತೆ. ಹುಚ್ಚನಿರಬೇಕು ಅಂತ ಅಂಗಡಿಯವನು ನಕ್ಕ.

ನನ್ನ ಇನ್ಸ್‌ಪೆಕ್ಟರ್ ಮಾಡಿದ್ದನ್ನೇ ಮಾಡುತ್ತಿದ್ದಾನೆ. ನಾನೇ ಕಲಿಸಿಕೊಟ್ಟ ಹಾಗಾಯಿತು.

ನಾಳೆ ಮಧ್ಯಾಹ್ನ ನೀಲಕ್ಕನನ್ನು ಊರು ಬಿಡಿಸುವುದು ಅಂತ ಮದೀನಾಬಿ ತೀರ್ಮಾನ ಮಾಡಿದ್ದಾಳೆ. ಜಾಗ ತಾನು ನೋಡಿದ್ದೇನೆ ಅಂದಳು. ಎಲ್ಲಿ ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಬಂದರು.

ಮಾರ್ಚ್ ೧, ಶನಿವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಕೇಂದ್ರಕ್ಕೆ ಹೊರಟಿದ್ದೆ. ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ನೋಡಿದರೆ ಮಾವನ ಮನೆಗೆ ಬಂದ ಅಳಿಯ ಅನ್ನಬೇಕು. ದನಿ ಕೇಳಿಯೇ ಗುರುತು ಹಿಡಿದೆ ಅಂದ, ಕಥೆ ಹೇಳುವವರು ನೀವೇ ಅಲ್ಲವೇ ಅಂದ. ಹೆಸರು ಈಶಪ್ಪ, ಗೋಕಾಕದ ಕಡೆಯವನು ಅಂತ ತಾನೇ ಹೇಳಿದ. ಮುಚ್ಚಿಡುವ ಯೋಚನೆಯೇ ಇಲ್ಲ.

"ಕಥಿ ನಡಬರಕ ನಿಲ್ಲಿಸೀರಿ ಅಕ್ಕಾರ. ಆಕಿ ಸಿಕ್ಕಳೋ ಇಲ್ಲೋ? ಅಷ್ಟ ಕೇಳ್ಕೊಂಡು ಹೋಗೂಣು ಅಂತ ಬಂದೆ."

ಕೇಂದ್ರ ಹಿಂದಿನ ಓಣಿಯಲ್ಲೇ. ನೀಲಕ್ಕ ಅಲ್ಲೇ ಹಿಟ್ಟು ಸಾಣಿಸುತ್ತಿದ್ದಾಳೆ. ಇವನನ್ನು ಕಳಿಸಿದರೆ ನೇರ ಅಲ್ಲಿಗೇ ಹೋಗುತ್ತಾನೆ. ಒಳಗೆ ಬನ್ನಿ, ಕೂರಿ ಅಂದೆ. ಅವನ ಎದುರಿಗೇ ರಾಹಿಲಳಿಗೆ ಫೋನ್ ಮಾಡಿದೆ. ನಾನು ಇವತ್ತು ಬರುವುದಿಲ್ಲ, ಗೋಕಾಕದ ಕಡೆಯಿಂದ ಕಥೆ ಕೇಳಲು ಒಬ್ಬರು ಬಂದಿದ್ದಾರೆ, ಮದೀನಾಬಿಗೆ ಹೇಳಿಬಿಡು ಅಂದೆ. "ಹೂಂರಿ" ಅಂದಳು.

ಚಹಾ ಮಾಡಿಕೊಟ್ಟೆ. ಎದುರಿಗೆ ಕೂತು ಶುರು ಮಾಡಿದೆ.

ಜನ್ಮದಲ್ಲಿ ಅಂಥ ಕಥೆ ಹೇಳಿಲ್ಲ. ಖಾನಾವಳಿಯಿಂದ ಇನ್ಸ್‌ಪೆಕ್ಟರನನ್ನು ಎಬ್ಬಿಸಿದೆ. ಹೆಂಗಸಿನ ಬೆನ್ನು ಹತ್ತಿಸಿದೆ. ಜೊಯಿಡಾದ ಕಾಡಿನಲ್ಲಿ ಬಸ್ಸು ಕೆಡಿಸಿದೆ. ಅವಳು ಇಳಿದಳು, ಇಲ್ಲ, ಇಳಿದವಳು ಅವಳ ಸೀರೆ ಉಟ್ಟ ಬೇರೊಬ್ಬಳು... ಅವನು ಎರಡು ಸಲ ಎದ್ದ. ಎರಡು ಸಲವೂ ಕಥೆಯೊಳಗೆ ಒಂದು ಬಾಗಿಲು ಬಡಿಸಿದೆ, ಒಂದು ರಕ್ತದ ಕಲೆ ಇಟ್ಟೆ. ಕೂತ. "ಆಮ್ಯಾಲೆ?" ಅಂದ. ಕಣ್ಣು ದೊಡ್ಡವಾಗಿದ್ದವು, ನಮ್ಮ ಗುರುಬಸವ್ವನ ಕಣ್ಣಿನ ಹಾಗೆಯೇ. ಹೆಂಡತಿಯ ಕೈ ಸುಟ್ಟವನೂ ಮುಂದೇನಾಯಿತು ಅಂತ ಕೇಳುತ್ತಾನಲ್ಲ ಅಂತ ನನಗೆ ಮೈ ಉರಿಯಿತು. ಆದರೂ ಬಾಯಿ ನಿಲ್ಲಿಸಲಿಲ್ಲ.

ಕೊನೆಗೆ ಫೋನ್ ಒಂದು ಸಲ ಮಿಣುಕಿ ನಿಂತಿತು. ರಾಹಿಲಳ ಮಿಸ್ ಕಾಲ್. ಹೋದಳು ನೀಲಕ್ಕ.

ಅವನೂ ಫೋನ್ ನೋಡಿದ. ನನ್ನ ಮುಖ ನೋಡಿದ. ಅಲ್ಲೇ ಇತ್ತು ನನ್ನ ಸೋಲು. ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ, ಎಲ್ಲ ಹೊರಗೆ ಬರುತ್ತದೆ. ನಿಧಾನವಾಗಿ ಎದ್ದು ಕಿಸೆಯಿಂದ ಒಂದು ರೊಟ್ಟಿ ತೆಗೆದು ಚಹಾದ ಕಪ್ಪಿನ ಪಕ್ಕ ಇಟ್ಟ.

"ಕಥಿ ಚೊಲೊ ಐತ್ರಿ. ಎಲ್ಲಿಗೆ ಕಳಿಸೀರಿ ಅನ್ನೋದು ನಿಮಗ ಗೊತ್ತೈತಿ. ನನಗ ಅವಸರ ಇಲ್ಲ. ಮತ್ತ ಬರ್ತೇನಿ."

ಮಾರ್ಚ್ ೨, ಭಾನುವಾರ

ನಿನ್ನೆ ರಾತ್ರಿಯೇ ಇವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಅದೇ ಇನ್ನೂ ಕಷ್ಟ ಆಯಿತು. ಬೆಳಗ್ಗೆ ಠಾಣೆಗೆ ಹೋಗಿ ಬಂದರು. ಆ ಹೆಂಗಸೇ ಬಂದು ದೂರು ಕೊಡಬೇಕು, ಎಲ್ಲಿದ್ದಾಳೆ ಅಂತ ಕೇಳಿದರಂತೆ. ಈಶಪ್ಪ ಊರು ಬಿಟ್ಟಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿದ್ದಾನೆ. ಕಂಡಕ್ಟರುಗಳನ್ನೆಲ್ಲ ವಿಚಾರಿಸುತ್ತಿದ್ದಾನಂತೆ.

ಮಧ್ಯಾಹ್ನ ಮದೀನಾಬಿ ಬಂದಳು. ಬಾಗಿಲು ಹಾಕಿ ಹತ್ತಿರ ಕೂತಳು.

"ನೀಲಾ ಆರಾಮ ಅದಾಳ. ಎಲ್ಲಿ ಅಂತ ನಿನಗೊಬ್ಬಾಕಿಗೆ ಹೇಳ್ತೇನಿ..."

ಅವಳ ಬಾಯಿ ಮುಚ್ಚಿದೆ. ನಿಜವಾಗಿಯೂ ಕೈಯಿಂದಲೇ ಮುಚ್ಚಿದೆ.

ಹೇಳಬೇಡ ಅಂದೆ. ಹೇಳಿದರೆ ಇವತ್ತಲ್ಲ ನಾಳೆ ನನ್ನ ಬಾಯಿಂದ, ಇಲ್ಲ ಮುಖದಿಂದ, ಹೊರಗೆ ಬಂದೇ ಬರುತ್ತದೆ. ಮದೀನಾಬಿ ನನ್ನನ್ನೇ ನೋಡಿದಳು. ಆಮೇಲೆ ತಲೆ ಸವರಿ ಎದ್ದು ಹೋದಳು. ಅವಳು ಓಣಿ ದಾಟುವ ತನಕ ಕಿಟಕಿಯಲ್ಲಿ ನಿಂತಿದ್ದೆ. ಕೂಗಿ ಕರೆಯಬೇಕು ಅನ್ನಿಸಿತು, ಎಷ್ಟು ಅನ್ನಿಸಿತು ಅಂದರೆ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೆ. ಯಾವ ಊರು? ಯಾರ ಮನೆ? ಊಟ ಮಾಡಿದಳೇ? ನನ್ನ ಬಗ್ಗೆ ಏನಾದರೂ ಅಂದಳೇ?

ಮಾರ್ಚ್ ೩, ಸೋಮವಾರ, ಬೆಳಗ್ಗೆ

ಇವರು ರಜೆ ಹಾಕುತ್ತೇನೆ ಅಂದರು. ಬೇಡ ಅಂದೆ, ಪಾಳಿಗೆ ಕಳಿಸಿದೆ. ಪಕ್ಕದ ಮನೆಯ ಸೋಮಪ್ಪನಿಗೆ ಹೇಳಿ ಹೋಗಿದ್ದಾರೆ, ಕೂಗಿದರೆ ಬರುತ್ತಾನೆ. ಮದೀನಾಬಿಯಿಂದ ವಿಷಯ ತಿಳಿದು ಕೇಂದ್ರದ ಹೆಂಗಸರು ಮೂವರು ಆಗಲೇ ಬಂದು ಹಿತ್ತಲಲ್ಲಿ ಕೂತಿದ್ದಾರೆ, ಕೈಯಲ್ಲಿ ಲಟ್ಟಣಿಗೆ. ಗುರುಬಸವ್ವನೂ ಬಂದಿದ್ದಾಳೆ. ಅವರಿಗೆ ಕಥೆ ಬೇಡವಂತೆ ಇವತ್ತು.

ಬೈಕು ನಿಂತ ಸಪ್ಪಳ. ಅವನೇ. ಬಾಗಿಲು ಬಡಿಯುತ್ತಿದ್ದಾನೆ, ಮೆಲ್ಲಗೆ, ಅಕ್ಕಾರ ಅಕ್ಕಾರ ಅಂತ.

ಹೆದರಿಕೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕನ್ನಡಿಯಲ್ಲಿ ಈಗಷ್ಟೇ ಮುಖ ನೋಡಿಕೊಂಡೆ. ಎಷ್ಟು ಬೇಕಾದರೂ ನೋಡಲಿ, ಇದರಲ್ಲಿ ಅವನಿಗೆ ಸಿಗುವಂಥದ್ದು ಏನೂ ಇಲ್ಲ. ಎಲ್ಲಿದ್ದಾಳೆ ಅಂತ ಕೇಳುತ್ತಾನೆ. ನನಗೆ ಗೊತ್ತಿಲ್ಲಪ್ಪ ಅನ್ನುತ್ತೇನೆ. ಇವತ್ತಾದರೂ ನನ್ನ ಬಾಯಿಂದ ಬರುವುದು —