ದೇವರ ಪಟದ ಹಿಂದಿನ ಲಕೋಟೆಗಳು

ಗುಬ್ಬಿಗೆ ನಿನ್ನ ಅತ್ತಿಗೆಯ ಮನಸಾರೆ ಆಶೀರ್ವಾದ.

ಅಕ್ಷರ ದೊಡ್ಡದು ಮಾಡಿ ಬರೆದಿದ್ದೇನೆ. ಪೊರೆ ಬಂದ ಬಲಗಣ್ಣಿಗೆ ತೊಂದರೆ ಕೊಡಬೇಡ, ಎಡಗಣ್ಣಲ್ಲೇ ನಿಧಾನವಾಗಿ ಓದು. ಬೇರೆಯವರ ಕೈಯಲ್ಲಿ ಓದಿಸಬೇಡ. ಇದರಲ್ಲಿ ನನ್ನ ತಪ್ಪಿದೆ.

ಕೆಲಸಕ್ಕಿದ್ದ ಬೇಕರಿ ಮುಚ್ಚಿಹೋಗಿ ನಿನ್ನಣ್ಣ ನಾಲ್ಕು ತಿಂಗಳು ಮನೆಯಲ್ಲಿ ಕೂತರಲ್ಲ, ಆಗ ಮನೆ ಸಾಲದ ಕಂತು ಒಂದನ್ನೂ ಕಟ್ಟಲಾಗಲಿಲ್ಲ. ಬ್ಯಾಂಕಿನಿಂದ ಲಕೋಟೆಗಳು ಬರತೊಡಗಿದವು. ಏಳನೆಯವರೆಗೆ ಕಲಿತವಳು ನಾನು, ಓದಲು ಬಾರದೆ ಅಲ್ಲ, ಒಡೆಯಲು ಧೈರ್ಯ ಬರಲಿಲ್ಲ. ಅವರಿಗೆ ತೋರಿಸಿದರೆ ಇನ್ನಷ್ಟು ಕುಗ್ಗಿಹೋಗುತ್ತಾರೆಂದು, ಬಂದದ್ದನ್ನು ಬಂದ ಹಾಗೇ ದೇವರ ಪಟದ ಹಿಂದೆ ಇಟ್ಟೆ. ನೀನೇ ನೋಡಿಕೊಳ್ಳಪ್ಪ ಎಂದು ಕೈಮುಗಿದು ಒಲೆಯ ಮುಂದೆ ಹೋದೆ. ಹಾಗೆ ಮೂರು ಸೇರಿದವು.

ಆಮೇಲೆ ಬ್ಯಾಂಕಿನವನು ಬಾಗಿಲಿಗೇ ಬಂದ. ಬಾಕಿ ತೀರದಿದ್ದರೆ ಮನೆ ಹರಾಜಿಗೆ ಹೋಗುತ್ತದೆ ಎಂದ. ನಿನ್ನ ಹತ್ತಿರ ಓಡಿ ಬಂದೆ. ದರ್ಜಿ ಅಂಗಡಿಯ ಮೂಲೆಯಲ್ಲಿ ನೀನು ಅಂಗಿಯನ್ನು ಮೂಗಿಗೆ ತಾಗಿಸಿಕೊಂಡು ಗುಂಡಿಗೆ ಕಾಜಾ ಹೊಲಿಯುತ್ತಿದ್ದೆ. ಆಪರೇಷನ್ನಿಗೆಂದು ಕೂಡಿಟ್ಟಿದ್ದನ್ನೆಲ್ಲ ನನ್ನ ಕೈಗೆ ಹಾಕಿ, "ತಗೊಳ್ಳಿ ಅತ್ತಿಗೆ, ನಮ್ಮಣ್ಣನ ಮುಖ ನೋಡೋಕೆ ಒಂದು ಕಣ್ಣೇ ಜಾಸ್ತಿ" ಅಂದೆ. ನಾನೂ ನಕ್ಕುಬಿಟ್ಟೆ.

ಬಾಕಿ ಕಟ್ಟಿದೆವು, ಮನೆ ಉಳಿಯಿತು. ಮೊನ್ನೆ ಪಟ ಒರೆಸುವಾಗ, ಇನ್ನೇತರ ಭಯ ಎಂದು ಲಕೋಟೆಗಳನ್ನು ಒಡೆದೆ. ಮೂರನೆಯದರಲ್ಲಿ ಏನಿತ್ತು ಗೊತ್ತೇ? ಕೆಲಸ ಹೋದದ್ದಕ್ಕೆ ಬೇಕರಿಯವರಿಂದ ಒಂದು ಚೀಟಿ ತಂದರೆ, ತಪ್ಪಿದ ಕಂತುಗಳನ್ನು ಸಾಲದ ಕೊನೆಗೆ ತಳ್ಳಿಕೊಡುತ್ತಾರಂತೆ. ಅದಕ್ಕೊಂದು ತಾರೀಖು ಇತ್ತು. ನಾನು ನಿನ್ನ ಮುಂದೆ ಸೆರಗೊಡ್ಡಿದ ದಿನ ಆ ತಾರೀಖಿಗೆ ಇನ್ನೂ ಆರು ದಿನ ಉಳಿದಿತ್ತು, ಗುಬ್ಬಿ. ನಿನ್ನ ದುಡ್ಡು ಬೇಕೇ ಇರಲಿಲ್ಲ.

ನಿನ್ನಣ್ಣನಿಗೆ ಹೇಳಿದೆ. ಬೈಯಲಿಲ್ಲ. ಆ ಕಾಗದ ಓದಿ ಮಡಚಿಟ್ಟು, "ದೇವರಿಗೆ ಓದೋಕೆ ಕೊಟ್ಟೆ, ಸರಿ. ಒಂದ್ಸಲ ನನಗೂ ಕೊಡಬಾರದಿತ್ತಾ?" ಎಂದರು. ಬೈದಿದ್ದರೇ ಚೆನ್ನಾಗಿತ್ತು. ದೇವರದೇನೂ ತಪ್ಪಿಲ್ಲ. ಅವನು ದಾರಿಯನ್ನು ಅಂಚೆಯಲ್ಲೇ ಕಳಿಸಿದ್ದ, ಒಡೆಯದವಳು ನಾನು.

ಮುಂದಿನ ಕೋಣೆಯನ್ನು ಒಬ್ಬ ನರ್ಸಮ್ಮನಿಗೆ ಬಾಡಿಗೆಗೆ ಕೊಟ್ಟೆವು. ನಾವಿಬ್ಬರೂ ಅಡುಗೆಮನೆಯಲ್ಲಿ ಮಲಗುತ್ತೇವೆ, ಬೆಚ್ಚಗಿದೆ. ಅವಳು ಕೊಟ್ಟ ಮುಂಗಡವನ್ನು ನಿನಗೆ ಕಳಿಸಿದರೆ ನೀನು ತಿರುಗಿ ಕಳಿಸುವವಳೇ. ಅದಕ್ಕೇ ನೇರವಾಗಿ ಕಣ್ಣಿನ ಆಸ್ಪತ್ರೆಯಲ್ಲಿ ಕಟ್ಟಿ ಬಂದಿದ್ದೇನೆ. ಬರುವ ಗುರುವಾರ ಬೆಳಿಗ್ಗೆ ನಿನ್ನ ಸರದಿ. ರಜೆ ಕೇಳಲು ನಿನಗೆ ಬಾಯಿ ಬರುವುದಿಲ್ಲವೆಂದು ದರ್ಜಿಗೂ ಫೋನಿನಲ್ಲಿ ಹೇಳಿದ್ದಾಗಿದೆ. ಬುಧವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಹತ್ತು ದಿನ ಕಣ್ಣಿಗೆ ಹನಿ ಹಾಕಲು ನಿನ್ನ ಜೊತೆಗೇ ಇರುತ್ತೇನೆ. ಬೈಯುವುದಿದ್ದರೆ ಆಗ ಬೈದುಕೋ, ಬರುವುದನ್ನು ಮಾತ್ರ ತಪ್ಪಿಸಬೇಡ.

ನಿನ್ನ ಸೂಜಿಗೆ ನೀನೇ ದಾರ ಪೋಣಿಸುವ ಹಾಗೆ ದೇವರು ಮಾಡಲಿ.

ಇಂತಿ,
ನಿನ್ನ ಅತ್ತಿಗೆ