ಕಟ್ಟು ಬಂತಾ

ಮೇಲೂರು
19-1-2025, ಭಾನುವಾರ

ಮಿತ್ರಕ್ಕನಿಗೆ ತನು ಮಾಡುವ ನಮಸ್ಕಾರ.

ಮೊದಲು ನನ್ನ ಅಕ್ಷರ ನೋಡಿ ಬೈಯಬೇಡ. ದಿನವೆಲ್ಲ ಫಿಲೇಚರಿನ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಮೆತ್ತಗಾಗಿದೆ, ಪೆನ್ನು ಜಾರುತ್ತದೆ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದು ನಿನಗೆ ಮಾತ್ರ. ತಪ್ಪಿದ್ದ ಕಡೆ ನಿನ್ನ ಶಾಲೆಯ ಮಕ್ಕಳಿಗೆ ಹಾಕುವಂತೆ ಕೆಂಪು ಗೆರೆ ಹಾಕಿಕೋ, ಆದರೆ ಕೊನೆಯವರೆಗೂ ಓದು. ಸಂಕ್ರಾಂತಿಗೆ ಮೊದಲೇ ಬರೆಯಬೇಕಿತ್ತು. ಬರೆದು ಬರೆದು ಒಲೆಗೆ ಹಾಕಿದೆ.

ಅಪ್ಪ ಮನೆಗೆ ಬಂದಿದ್ದಾನೆ. ಕಾಲಿನ ಬಾವು ಇಳಿದಿದೆ, ಕೆಮ್ಮು ಇನ್ನೂ ಇದೆ. ಹಬ್ಬದ ದಿನ ಎಳ್ಳುಬೆಲ್ಲ ಕೊಟ್ಟರೆ ಕೊಬ್ಬರಿ ಚೂರು ಮಾತ್ರ ಆರಿಸಿ ತಿಂದ. ಗೌರಿಬಿದನೂರಿನಲ್ಲಿ ಭಾವ, ಮಕ್ಕಳು ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ ಅಂತ ನಿನಗೇ ಗೊತ್ತು. ನಡೆದದ್ದನ್ನು ನೀನು ವೀಡಿಯೋದಲ್ಲಿ ನೋಡಿದ್ದೀಯ, ನನ್ನಿಂದ ಕೇಳಿಲ್ಲ. ಅದಕ್ಕೇ ಈ ಕಾಗದ.

'ಊರುಕೇರಿ' ಪೇಪರು ಅಚ್ಚಾಗುವುದು ನಿಂತದ್ದು ನಿನಗೆ ಗೊತ್ತು. ಅದನ್ನು ನಡೆಸುತ್ತಿದ್ದ ಅನಂತರಾಮಯ್ಯನವರು ತೀರಿಕೊಂಡ ಮೇಲೆ ಅವರ ಮಗ ಗಣೇಶ್ ಪ್ರಸಾದ್ ಪೇಪರನ್ನು ಫೋನಿಗೆ ಹಾಕಿಬಿಟ್ಟರು. ಹೆಸರೊಂದು ಅದೇ. ಗೂಡಿನ ಧಾರಣೆ, ಕರೆಂಟು ಹೋಗುವ ಊರುಗಳು, ಯಾರ ತಿಥಿ ಯಾವತ್ತು, ಅಪ್ಪ ಸೈಕಲ್ಲಿನಲ್ಲಿ ಮನೆಮನೆಗೆ ಹಾಕುತ್ತಿದ್ದ ಪೇಪರಿನಲ್ಲಿ ಇದ್ದದ್ದು ಒಂದೂ ಅದರಲ್ಲಿಲ್ಲ. ಈಗ ಎಲ್ಲ 'ಇದನ್ನು ಕೇಳಿದ್ರೆ ಬೆಚ್ಚಿಬೀಳ್ತೀರಾ' ಅನ್ನುವಂಥದ್ದೇ. ಫಿಲೇಚರಿನಲ್ಲಿ ಟೀ ಹೊತ್ತಿಗೆ ನಾವೆಲ್ಲ ಒಂದೇ ಫೋನಿಗೆ ತಲೆ ಬಗ್ಗಿಸಿ ನೋಡುತ್ತಿದ್ದೆವು. ನಾನೂ ನೋಡುತ್ತಿದ್ದೆ.

ಪೇಪರು ನಿಂತದ್ದು ಅಪ್ಪನ ತಲೆಗೆ ಮಾತ್ರ ಹೋಗಲೇ ಇಲ್ಲ. ಮರೆವು ಜಾಸ್ತಿಯಾದ ಮೇಲಂತೂ ಬೆಳಕಾಗುವ ಮೊದಲೇ ಎದ್ದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿಗೆ ಹೊರಡುವುದು. ಚಿಕ್ಕಬಳ್ಳಾಪುರದ ಬಸ್ಸಿಗೆ ಪೇಪರ್ ಕಟ್ಟು ಬರುತ್ತದೆ ಅಂತ. ದಾರಿಯಲ್ಲಿ ಬಿದ್ದಾನು ಅಂತ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಹೌದಕ್ಕ, ಹಾಕುತ್ತಿದ್ದೆ. ಮಧ್ಯಾಹ್ನ ಓಡಿಬಂದು ಉಣ್ಣಿಸಿ ಹೋಗುತ್ತಿದ್ದೆ. ಅವತ್ತು ಬೆಳಿಗ್ಗೆ ಒಳಗಿನಿಂದ ಬಾಗಿಲು ತಟ್ಟಿ, "ತನೂ, ಕಟ್ಟು ಬಂದು ಬಿದ್ದಿರುತ್ತೆ ಕಣಮ್ಮ, ಜನ ಕಾಯ್ತಾರೆ" ಅಂದ. ನನ್ನ ಕೈ ಬರಲಿಲ್ಲ. ಚಿಲಕ ತೆಗೆದು ಹಾಗೇ ಹೋದೆ. ಮಧ್ಯಾಹ್ನ ಬಂದರೆ ಮನೆ ಖಾಲಿ.

ಪೊಲೀಸರಿಗೆ ಹೇಳಿದೆ. ಆಮೇಲೆ ನನಗೆ ಹೊಳೆದದ್ದು ಪೇಪರೇ. ಅನಂತರಾಮಯ್ಯನವರು ಇದ್ದಾಗ ಕಾಣೆಯಾದವರ ವಿಷಯ ಮೊದಲ ಪುಟದ ಮೇಲಿನ ಮೂಲೆಯಲ್ಲಿ ಹಾಕುತ್ತಿದ್ದರಲ್ಲ. ಅಂಥ ದಿನ ಅಪ್ಪ ಪೇಪರು ಎಸೆದು ಹೋಗುತ್ತಿರಲಿಲ್ಲ, ಪ್ರತಿ ಬಾಗಿಲಲ್ಲೂ ಸೈಕಲ್ ನಿಲ್ಲಿಸಿ ಅಷ್ಟನ್ನು ಗಟ್ಟಿಯಾಗಿ ಓದಿಯೇ ಮುಂದಕ್ಕೆ. ನಾನೂ ಅದೇ ಥರ ಒಂದು ಚೀಟಿ ಬರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಮುನಿಶಾಮಪ್ಪ, ನೀಲಿ ಸ್ವೆಟರು, ಎಡಗಾಲು ಎಳೆದು ನಡೆಯುತ್ತಾರೆ, ಕನ್ನಡ ತೆಲುಗು ಮಾತಾಡುತ್ತಾರೆ, ಯಾವ ಬಸ್ಸು ಬಂದರೂ "ಕಟ್ಟು ಬಂತಾ" ಅಂತ ಕೇಳುತ್ತಾರೆ.

ಗಣೇಶ್ ಪ್ರಸಾದ್ ಒಳ್ಳೆಯ ಮಾತೇ ಆಡಿದರು, ಕೂರಿಸಿ ಟೀ ಕೊಡಿಸಿದರು. ಚೀಟಿ ಓದಿ, "ಹಿಂಗೇ ಹಾಕಿದ್ರೆ ಯಾರೂ ನೋಡಲ್ಲ ಕಣಮ್ಮ. ನೋಡಿದ್ರೆ ತಾನೇ ಸಿಗೋದು?" ಅಂದರು. ನನಗೂ ಸರಿ ಅನ್ನಿಸಿತು. ಕ್ಯಾಮೆರಾದವರು ನಮ್ಮ ಬೀದಿಗೆ ಬಂದರು. ನನಗೆ ಬಾಯಿ ಬರದೆ ವೇಲಿನಲ್ಲಿ ಮುಖ ಮುಚ್ಚಿಕೊಂಡೆ. ಎದುರು ಮನೆಯವರು, ಪಾಪ ಹುಡುಗಿ, ಅಪ್ಪನ್ನ ಒಳಗೆ ಬಿಟ್ಟು ಚಿಲಕ ಹಾಕ್ಕೊಂಡು ದುಡಿಯೋಕೆ ಹೋಗ್ತಾಳೆ ಅಂತ ಮರುಗಿ ಹೇಳಿದರು. ವೀಡಿಯೋದಲ್ಲಿ ಪಾಪವೂ ಇಲ್ಲ, ದುಡಿಮೆಯೂ ಇಲ್ಲ. ಚಿಲಕ ಮಾತ್ರ ಇತ್ತು. ಮೇಲೆ ಕೆಂಪು ಅಕ್ಷರದಲ್ಲಿ, 'ಹೆತ್ತ ತಂದೆಯನ್ನೇ ಕೂಡಿಹಾಕಿದ ಮಗಳು! ಆ ಮನೆಯೊಳಗೆ ನಡೆದಿದ್ದೇನು?' ಮುಚ್ಚಿಕೊಂಡ ನನ್ನ ಮುಖವನ್ನು ಮತ್ತೆ ಮತ್ತೆ ತೋರಿಸಿದರು. ನಾನು ಕೊಟ್ಟ ಫೋಟೋದಲ್ಲಿ ಅಪ್ಪನ ಮುಖ ಮಬ್ಬು ಮಾಡಿದ್ದರು. ನಾನು ಹೇಗೋ ಧೈರ್ಯ ಮಾಡಿ ಗಣೇಶ್ ಪ್ರಸಾದರನ್ನು ಫೋನಿನಲ್ಲಿ ಕೇಳಿದೆ. ಮುಖ ಕೊನೆಯಲ್ಲಿ ಬರುತ್ತದೆ, ಮೊದಲೇ ತೋರಿಸಿಬಿಟ್ಟರೆ ಜನ ಯಾಕೆ ಕೂತು ನೋಡುತ್ತಾರೆ ಅಂದರು. ನೀಲಿ ಸ್ವೆಟರಿನ ಮಾತಿಲ್ಲ. ಬಸ್ಸಿನ ಮಾತಿಲ್ಲ.

ಅಪ್ಪ ಮೂರನೇ ದಿನ ಕೈವಾರದಲ್ಲಿ ಸಿಕ್ಕಿದ. ಹಿಂದೆ ಒಂದೊಂದು ಸಲ ಕಂಡಕ್ಟರು ಕಟ್ಟು ಇಳಿಸುವುದು ಮರೆತರೆ ಅದು ಚಿಂತಾಮಣಿಗೆ ಹೋಗಿಬಿಡುತ್ತಿತ್ತು, ಅಪ್ಪ ಮುಂದಿನ ಬಸ್ಸು ಹತ್ತಿ ತರುತ್ತಿದ್ದ. ಅವತ್ತೂ ಹಾಗೇ ಹೋಗಿದ್ದಾನೆ. ಅಲ್ಲಿ ಕಾಣದೆ ಇನ್ನೊಂದು ಬಸ್ಸು. ಚಪ್ಪಲಿ ಎಲ್ಲಿ ಬಿಟ್ಟನೋ. ನಮ್ಮ ಕಡೆ ಓಡಾಡುವ ಕಂಡಕ್ಟರ್ ಜಗನ್ ಗುರುತು ಹಿಡಿದು ನನಗೆ ಹೇಳಿದ. ನಾನು ಹೋದಾಗ ಹೂ ಮಾರುವ ಅನಸೂಯಮ್ಮನ ಪಕ್ಕದಲ್ಲಿ, ಅವರದೇ ಕಂಬಳಿ ಹೊದ್ದು ಕೂತಿದ್ದ. ಮೈ ಸುಡುತ್ತಿತ್ತು. ಆಯಮ್ಮ ಎರಡು ದಿನವೂ ಊಟ ಹಾಕಿಸಿದ್ದಾರೆ. ನನ್ನ ಹೆಸರು ಕೇಳಿ ಕೈಯಲ್ಲಿದ್ದ ಹೂವು ಕೆಳಗಿಟ್ಟರು. ಆಮೇಲೆ ಹೇಳಿದರು: "ಆ ವೀಡಿಯೋ ನಾನೂ ನೋಡಿದ್ದೆ ಕಣಮ್ಮ. ಅರ್ಧಕ್ಕೇ ನಿನ್ನ ಬೈದು ಫೋನ್ ಇಟ್ಟೆ. ಈಯಪ್ಪ ಪಕ್ಕದಲ್ಲೇ ಕೂತು ಬಂದ ಬಸ್ಸಿಗೆಲ್ಲ ಕಟ್ಟು ಬಂತಾ, ಕಟ್ಟು ಬಂತಾ ಅಂತಿದ್ದ. ಅದೊಂದು ಮಾತು ಹಾಕಿದ್ರೆ ಅವತ್ತೇ ಕಳಿಸ್ತಿದ್ದೆ."

ಆಸ್ಪತ್ರೆಯಿಂದ ಬಂದ ಮೇಲೆ ಗಣೇಶ್ ಪ್ರಸಾದರಿಗೆ ಇನ್ನೊಂದು ಸಲ ಫೋನ್ ಮಾಡಿದೆ. ಅಪ್ಪ ಸಿಕ್ಕಿದ್ದಾನೆ ಅಂತ ಹಾಕಿ, ಹಳೆಯದನ್ನು ತೆಗೆಯಿರಿ ಅಂದೆ. ತೆಗೆಯುವುದು ನೋಡೋಣ ಅಂದರು. "ಸಿಕ್ಕಿದ್ದನ್ನ ಯಾರಮ್ಮ ನೋಡ್ತಾರೆ?" ಅಂದರು. ಬೈದು ಹೇಳಿದ್ದಲ್ಲ, ನನ್ನನ್ನೇ ಕೇಳುವ ಹಾಗೆ ಹೇಳಿದರು. ವೀಡಿಯೋ ಈಗಲೂ ಇದೆ.

ಅಪ್ಪ ಈಗ ಕಟ್ಟಿನ ಮಾತೇ ಎತ್ತುವುದಿಲ್ಲ. ಬೆಳಿಗ್ಗೆ ಏಳುವುದೂ ಇಲ್ಲ. ನಿನ್ನೆ ಮಾತ್ರ ತಟ್ಟೆ ಮುಂದೆ ಕೂತು, ದೊಡ್ಡೋಳು ಉಂಡ್ಳಾ ಅಂದ. ಉಂಡಳು ಅಂದೆ. ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಬಾ ಅಕ್ಕ, ಅಪ್ಪನಿಗೆ ನಿನ್ನ ಗುರುತು ಇರುವಾಗಲೇ ಬಾ.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳ ತಲೆ ಸವರು, ಅವರಿಗೆ ಯಾವ ನೋವೂ ಬಾರದಿರಲಿ.

ನಿನ್ನ ತಂಗಿ,
ತನುಜ

ಇನ್ನೊಂದು ಮಾತು: ಅಪ್ಪ ಕಾಣದ ಮಾರನೇ ದಿನ ನೀನು ಫೋನ್ ಮಾಡಿದಾಗ ಸಿಕ್ಕಿದನಾ ಅಂತ ಕೇಳಲಿಲ್ಲ. "ಹೊಡೀತಿದ್ಯೇನೇ?" ಅಂದೆ. ನಾನು ಸುಮ್ಮನಿದ್ದದ್ದನ್ನು ನೀನು ಹೌದು ಅಂದುಕೊಂಡೆ. ಇಲ್ಲ ಅಕ್ಕ, ಒಂದು ದಿನವೂ ಇಲ್ಲ.

ಇವತ್ತು ಬೆಳಿಗ್ಗೆ ಬಿಸಿಲಲ್ಲಿ ಕೂರಿಸಿ ಅಪ್ಪನಿಗೆ ಗಡ್ಡ ಹೆರೆದೆ. ನನಗೆ ಇದೇ ಮೊದಲು. ಅವನು ಕತ್ತು ಎತ್ತಿಕೊಟ್ಟು ಕಣ್ಣು ಮುಚ್ಚಿ ಕೂತಿದ್ದ. ಎಲ್ಲೂ ಗೀರಲಿಲ್ಲ.