ಹರಕಿ ತಗಡು

ಕಾಸಾರಶಿರಸಿ
ಮಾಘ ಹುಣ್ಣಿಮಿ ಮರುದಿನ, ೧೯೫೧

ಮಾಳವ್ವ ತಾಯಿಗೆ ಚಿತ್ರಗಾರ ಲಾಲಪ್ಪನ ಶರಣು.

ಈ ಕಾಗದ ನಿಮ್ಮ ಮನಿ ಮಂದಿ ಕಡಿಂದೇ ಓದಿಸ್ಕೋರಿ, ಹೊರಗಿನವರ ಕಡಿಂದ ಬ್ಯಾಡ.

ನೀವು ಚಿತ್ರ ಬರೆಸಿದ ಹರಕಿ ತಗಡು ನಿಮ್ಮೂರ ಬೀರಪ್ಪನ ಗುಡಿಯೊಳಗ ತೂಗಹಾಕೀನಿ. ಪೋಲೀಸ್ ಆ್ಯಕ್ಷನ್ನಿನ ಗದ್ದಲದಾಗ ನೀವು ಕೂಸಿನ ಬಾಯಿ ಒತ್ತಿ ಹಿಡದು ಹೊಲದಾಗ ನೆಲದ ಕೆಳಗಿನ ಜ್ವಾಳದ ಹಗೇವಿನೊಳಗ ಕುಂತದ್ದು, ನಿಮ್ಮ ಯಜಮಾನ್ರನ್ನ ಕಡದಂವಾ ಮ್ಯಾಲಿಂದ ಬಗ್ಗಿ ನೋಡಿದ್ದು, ಬೀರಪ್ಪ ಅವನ ಕಣ್ಣಿಗಿ ಕತ್ತಲಿ ಕವಿಸಿದ್ದು, ಎಲ್ಲಾ ನೀವು ಹೇಳಿದಂಗೇ ಬರದೀನಿ. ಅವನ ಹರಿದ ಕಿವಿನೂ ಬಿಟ್ಟಿಲ್ಲ. ನಾ ಪರವೂರಾಂವ. ಅದು ಯಾರ ಕಿವಿ ಅಂತ ನೀವು ಒಂದು ಮಾತು ಹೇಳಬಾರದಿತ್ತೇನ್ರಿ?

ನಿನ್ನಿ ನಿಮ್ಮೂರ ಪಾಟೀಲರು ನನ್ನ ಮನಿಗಿ ಬಂದಿದ್ರು. ಚಹಾ ಕುಡಿಯುವಾಗ ರುಮಾಲು ಸರದು ಅವರ ಹರಿದ ಕಿವಿ ಕಾಣಿಸ್ತು. ನನ್ನ ಕಪ್ಪು ಅಲ್ಲೇ ಕೆಳಗಿಟ್ಟೆ.

"ಕೈ ಭಾಳ ಛಲೋ ಅದ," ಅಂದ್ರು. ಆವತ್ತು ಹಗೇವಿನೊಳಗ ಯಾರಿದ್ರು ಅನ್ನೂದು ಗುಡ್ಯಾಗ ತಗಡು ನೋಡಿದ ಮ್ಯಾಲೇ ತಿಳೀತಂತ. ತಮಗೂ ಒಂದು ಬೇಕಂತ. ಅದೇ ಹೊಲ, ಅದೇ ಹಗೇವು, ಒಳಗ ಅದೇ ಹೆಂಗಸು, ಅದೇ ಮಗ. ಹಗೇವಿನ ಬಾಯಿಗಿ ಮಾತ್ರ ಕಲ್ಲು ಮುಚ್ಚಿರಬೇಕಂತ.

"ಹುಡುಗನ್ನ ಈಗ ಎಷ್ಟು ಎತ್ತರ ಆಗ್ಯಾನೋ ಅಷ್ಟೇ ಬರಿ," ಅಂದ್ರು.

ತಗಡು ಬರೆಸೂದು ದೇವರಿಗಿ ಬೇಡಿಕೊಂಡದ್ದು ಫಲಿಸಿದ ಮ್ಯಾಲೆ. ಅದಕ್ಕ, ನೀವು ಬೇಡಿಕೊಂಡದ್ದು ಯಾವಾಗ ಫಲಿಸ್ತುರೀ, ಅಂತ ಕೇಳಿದೆ.

"ಇನ್ನೂ ಇಲ್ಲ. ಶಿವರಾತ್ರಿಗಿ ಮಾಳವ್ವ ಗುಡಿಗಿ ಬರ್ತಾಳ. ಅಷ್ಟರಾಗ ಬಣ್ಣ ಒಣಗಿರ್ಲಿ."

ತಾಯಿ, ಶಿವರಾತ್ರಿಗಿ ಬರಬ್ಯಾಡ್ರಿ. ಕುರಿ ಹೊಡಕೊಂಡು ದೂರ ಹೋಗ್ರಿ. ಹುಡುಗ ಎಷ್ಟು ಎತ್ತರ ಆಗ್ಯಾನಂತ ಯಾರು ಕೇಳಿದ್ರೂ ಹೇಳಬ್ಯಾಡ್ರಿ.

ನಿಮ್ಮ
ಲಾಲಪ್ಪ